ಬಸ್ಸಿಗೆ ಫುಲ್ ಮಾರ್ಕ್ಸ್, ಆಟೋದ ಮಕ್ಕಳಿಗೆ ಏನಿದೆ? ಕಲಬುರಗಿಯ ಒಂದು ಖಾಸಗಿ ಶಾಲೆಯ ರಿವ್ಯೂ

ಶಾಲೆಯ ಹೆಸರು ಬರೆದಿಲ್ಲ, ದಯವಿಟ್ಟು ಕೇಳಬೇಡಿ. ನನ್ನ ಇಬ್ಬರು ಮಕ್ಕಳು ಇನ್ನೂ ಅಲ್ಲೇ ಓದುತ್ತಿದ್ದಾರೆ. ಕಲಬುರಗಿಯಲ್ಲಿ ರಿಂಗ್ ರೋಡ್ ದಾಟಿದ ಮೇಲೆ ಸಾಲಾಗಿ ಇಂಗ್ಲಿಷ್ ಮೀಡಿಯಂ ಶಾಲೆಗಳು ಎದ್ದಿವೆಯಲ್ಲ, ಅವುಗಳಲ್ಲಿ ಇದೂ ಒಂದು. ಎಲ್‌ಕೆಜಿಯಿಂದ ಹತ್ತನೇ ಕ್ಲಾಸಿನವರೆಗೆ, ಸ್ಟೇಟ್ ಸಿಲಬಸ್. ಮಗಳು ಎಂಟನೇ ಕ್ಲಾಸ್, ಮಗ ಎರಡನೇ ಕ್ಲಾಸ್. ನಾನು ಕಲ್ಯಾಣ ಕರ್ನಾಟಕ ಸಾರಿಗೆಯ ಡಿಪೋದಲ್ಲಿ ಮೆಕ್ಯಾನಿಕ್. ಹಾಗಾಗಿ ಬಸ್ಸಿನ ವಿಷಯ ಸ್ವಲ್ಪ ಜಾಸ್ತಿ ಬರೆದರೆ ಸಹಿಸಿಕೊಳ್ಳಿ.

ಅಡ್ಮಿಷನ್ ಸೀಸನ್ ಬಂತೆಂದರೆ ಎಲ್ಲರೂ ಕೇಳುವುದು ಒಂದೇ. ಎಸ್ಸೆಸ್ಸೆಲ್ಸಿ ರಿಸಲ್ಟ್ ಎಷ್ಟು ಪರ್ಸೆಂಟ್, ಡೊನೇಷನ್ ಎಷ್ಟು, ಇಂಗ್ಲಿಷ್ ಹೇಗೆ. 2025ರಲ್ಲಂತೂ ರಾಜ್ಯದ ರಿಸಲ್ಟ್ ಪಟ್ಟಿಯಲ್ಲಿ ಕಲಬುರಗಿಯೇ ಕೊನೆ. ಹಾಗಿರುವಾಗ ಜನರಿಗೆ ಆ ಚಿಂತೆ ಇರುವುದು ಸಹಜ. ಆದರೆ ನಾನು ಇಲ್ಲಿ ರಿಸಲ್ಟ್ ಬಗ್ಗೆ ಬರೆಯುತ್ತಿಲ್ಲ. ಮಗು ಅಲ್ಲಿ ಸೇಫ್ ಆಗಿ ಇರುತ್ತದಾ? ಎಲ್ಲ ಮಕ್ಕಳನ್ನೂ ಒಂದೇ ತರಹ ನೋಡುತ್ತಾರಾ? ನನಗೆ ಬೇಕಿದ್ದದ್ದು ಇವೆರಡು.

ವರ್ಷದ ಶುರುವಿಗೆ ಕೊಡುವ ಡೈರಿಯ ಕೊನೆಯಲ್ಲಿ ಎರಡು ಪುಟ ಇವೆ. ಮಕ್ಕಳ ಸುರಕ್ಷತೆ ಮತ್ತು ಸಮಾನತೆಯ ಪಾಲಿಸಿ. ಜಾತಿ, ಧರ್ಮ, ಭಾಷೆ, ಗಂಡು ಹೆಣ್ಣು, ಅಂಗವೈಕಲ್ಯ, ಮನೆಯ ಪರಿಸ್ಥಿತಿ, ಯಾವುದನ್ನೂ ನೋಡಿ ಭೇದ ಮಾಡುವುದಿಲ್ಲ ಅಂತ ಬರೆದಿದ್ದಾರೆ. ಮಕ್ಕಳ ಸಹಾಯವಾಣಿ 1098 ದಪ್ಪ ಅಕ್ಷರದಲ್ಲಿದೆ. ಇಷ್ಟಾದರೂ ಬರೆದುಕೊಟ್ಟಿದ್ದಾರಲ್ಲ, ಅದಕ್ಕೆ ಮೆಚ್ಚಬೇಕು. ನಾನು ಅಡ್ಮಿಷನ್‌ಗೆ ಅಲೆದಾಡುವಾಗ ಬೇರೆ ಶಾಲೆಗಳಲ್ಲಿ ಪಾಲಿಸಿ ತೋರಿಸಿ ಅಂದರೆ ಯೂನಿಫಾರ್ಮ್ ಅಂಗಡಿಯ ಚೀಟಿ ಕೊಟ್ಟು ಕಳಿಸಿದ್ದರು.

ಆದರೆ ಎರಡೂ ಪುಟ ಇಂಗ್ಲಿಷಿನಲ್ಲಿವೆ. ಮಗನ ಕ್ಲಾಸಿನ ಎಷ್ಟೋ ತಾಯಂದಿರು ಓದುವುದು ಕನ್ನಡ, ಇಲ್ಲವೇ ಉರ್ದು. ಕೆಳಗೆ ಸಹಿ ಮಾಡುವ ಜಾಗ ಇದೆ, ಎಲ್ಲರೂ ಸಹಿ ಮಾಡಿ ಕಳಿಸುತ್ತಾರೆ. ಯಾತಕ್ಕೆ ಸಹಿ ಮಾಡಿದೆವು ಅಂತ ಕೇಳಿ ನೋಡಿ, ಫೀ ಬಗ್ಗೆ ಇರಬೇಕು ಅನ್ನುತ್ತಾರೆ.

ಇರಲಿ, ಮೊದಲು ಒಳ್ಳೆಯದು ಹೇಳುತ್ತೇನೆ. ಬಸ್ಸು.

ಶಾಲಾ ಬಸ್ಸು ಹೇಗಿರಬೇಕು ಅಂತ ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ಫಸ್ಟ್ ಏಡ್ ಡಬ್ಬಿ, ಬೆಂಕಿ ಆರಿಸುವ ಸಿಲಿಂಡರ್, ಕಿಟಕಿಗೆ ಅಡ್ಡ ಸರಳು, ಬಾಗಿಲಿಗೆ ಗಟ್ಟಿ ಲಾಕು, ಶಾಲೆಯ ಹೆಸರು, ಫೋನ್ ನಂಬರ್, ಒಳಗೆ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು. ಈ ಪಟ್ಟಿ ಹಿಡಿದು ನೋಡಿದರೆ ನಮ್ಮ ಶಾಲೆಯ ಬಸ್ಸುಗಳು ಪಾಸ್. ಹತ್ತಿ ನೋಡುತ್ತೇನೆ ಅಂದಾಗ ಸಾರಿಗೆ ಮ್ಯಾನೇಜರ್ ಬೇಡ ಅನ್ನಲಿಲ್ಲ. ಅದೇ ಅರ್ಧ ಭರವಸೆ ಕೊಟ್ಟಿತು. ಸಿಲಿಂಡರಿನ ಗೇಜ್ ನೋಡಿದೆ, ಮುಳ್ಳು ಹಸಿರಿನಲ್ಲಿತ್ತು. ರೀಫಿಲ್ ತಾರೀಖಿನ ಚೀಟಿಯೂ ಇತ್ತು. ಹಿಂದಿನ ಟೈರುಗಳಲ್ಲಿ ಗೀರು ಚೆನ್ನಾಗಿಯೇ ಉಳಿದಿದ್ದವು. ಸೀಟಿನ ಕೆಳಗೆ ಕೈ ಹಾಕಿ ನೋಡಿದೆ, ಬೋಲ್ಟು ಸಡಿಲ ಇರಲಿಲ್ಲ.

ಒಂದೇ ಒಂದು ತಕರಾರು ಸಿಕ್ಕಿತು. ಹಿಂದಿನ ಎಮರ್ಜೆನ್ಸಿ ಬಾಗಿಲಿನ ಹಿಡಿಕೆಗೆ ತಂತಿ ಸುತ್ತಿ ಬಿಗಿದಿದ್ದರು. ಡ್ರೈವರ್ ವಯಸ್ಸಾದವರು, ಒಳ್ಳೆಯ ಮನುಷ್ಯ. ಯಾಕೆ ಕಾಕಾ ಅಂತ ಕೇಳಿದೆ.

"ಖಡಖಡ ಸಪ್ಪಳ ಬರ್ತದ್ರಿ. ಹುಡುಗ್ರು ಬ್ಯಾರೆ ಹಿಡಿದು ಎಳೀತಾವ. ಅದಕ್ಕ ಸುತ್ತೀನಿ."

ಅವರ ಮಾತಲ್ಲೂ ಅರ್ಥ ಇದೆ. ಹಿಡಿಕೆಯ ಒಳಗಿನ ಸ್ಪ್ರಿಂಗ್ ಸವೆದಿತ್ತು. ಅದನ್ನು ಬದಲಾಯಿಸಿದರೆ ಸಪ್ಪಳ ನಿಲ್ಲುತ್ತದೆ, ತಂತಿ ಬೇಕಾಗುವುದಿಲ್ಲ ಅಂತ ಮ್ಯಾನೇಜರ್‌ಗೆ ಹೇಳಿದೆ. ಸ್ವಲ್ಪ ದಿನ ಬಿಟ್ಟು ನೋಡಿದರೆ ಹೊಸ ಸ್ಪ್ರಿಂಗ್ ಬಂದಿತ್ತು, ತಂತಿ ಹೋಗಿತ್ತು. ಉಳಿದ ಬಸ್ಸುಗಳದ್ದೂ ನೋಡಿಸಿದ್ದರು. ಹೇಳಿದ ಮಾತನ್ನು ಕೇಳುವ ಆಫೀಸು ಎಲ್ಲಿ ಸಿಗುತ್ತದೆ ಹೇಳಿ.

ಇನ್ನು ಮಕ್ಕಳನ್ನು ಇಳಿಸಿ ಒಪ್ಪಿಸುವ ರೀತಿ. ಚಿಕ್ಕ ಕ್ಲಾಸಿನ ಮಕ್ಕಳಿಗೆ ಫೋಟೋ ಇರುವ ಒಂದು ಕಾರ್ಡ್ ಕೊಟ್ಟಿದ್ದಾರೆ. ಆ ಕಾರ್ಡ್ ತೋರಿಸಿದವರ ಕೈಗೇ ಮಗು. ಒಂದು ದಿನ ನಾನು ಡ್ಯೂಟಿಯಲ್ಲಿದ್ದೆ, ಮನೆಯವಳಿಗೆ ಜ್ವರ. ಅಪ್ಪ ಸ್ಟಾಪಿಗೆ ಹೋಗಿದ್ದರು, ಕಾರ್ಡ್ ಒಯ್ದಿರಲಿಲ್ಲ. ಮಗ ಬಸ್ಸಿನ ಮೆಟ್ಟಿಲಲ್ಲೇ ಮುತ್ಯಾ ಮುತ್ಯಾ ಅಂತ ಕುಣಿಯುತ್ತಿದ್ದಾನೆ. ಆಯಾ ಮಾತ್ರ ಅವನ ಕೈ ಬಿಡಲಿಲ್ಲ.

"ನನ್ನ ಮೊಮ್ಮಗನ ಒಯ್ಯಲಾಕ ನನಗೇ ಕಾರ್ಡ್ ಬೇಕೇನವಾ?" ಅಂತ ಅಪ್ಪ ರೇಗಿದ್ದಾರೆ.

"ಯಾರೇ ಬರ್ಲಿ ಬೇಕ್ರಿ ಮುತ್ಯಾ. ಸಿಟ್ಟಾಗಬ್ಯಾಡ್ರಿ, ಒಂದು ನಿಮಿಷ ನಿಂದರ್ರಿ" ಅಂತ ಹೇಳಿ ನನಗೆ ಫೋನ್ ಹಚ್ಚಿದಳು. ನಾನು ಹೂಂ ಅಂದಮೇಲೇ ಕೈ ಬಿಟ್ಟಿದ್ದು. ಅಪ್ಪ ಮನೆಗೆ ಬಂದು ರಾತ್ರಿ ಊಟದವರೆಗೂ ಗೊಣಗಿದರು. ನನಗಂತೂ ಆ ಹೆಣ್ಣುಮಗಳ ಕೈಗೆ ಒಂದು ಸೀರೆ ಕೊಡಬೇಕು ಅನ್ನಿಸಿತು. ಶಾಲೆಯಲ್ಲಿ ಎಲ್ಲರಿಗಿಂತ ಕಡಿಮೆ ಪಗಾರ ಅವಳದ್ದೇ ಇರಬೇಕು. ಪಾಲಿಸಿ ಅಂತ ಒಂದು ನಡೆಯುತ್ತಿದ್ದರೆ ಅದು ಅವಳಿಂದ.

ಬಸ್ಸಿಗೆ, ಗೇಟಿಗೆ, ಸಿಸಿಟಿವಿಗೆ ಫುಲ್ ಮಾರ್ಕ್ಸ್. 2014ರಲ್ಲಿ ಬೆಂಗಳೂರಿನ ಒಂದು ಶಾಲೆಯಲ್ಲಿ ಆರು ವರ್ಷದ ಮಗುವಿನ ಮೇಲೆ ಆದ ಲೈಂಗಿಕ ದೌರ್ಜನ್ಯ ಎಲ್ಲರಿಗೂ ನೆನಪಿದೆ. ಅದಾದ ಮೇಲೆ ಕ್ಯಾಮೆರಾ ಹಾಕದ ಶಾಲೆಗೆ ನಮ್ಮ ಜನ ಮಕ್ಕಳನ್ನು ಸೇರಿಸುವುದಿಲ್ಲ. ಹಾಗಾಗಿ ಕ್ಯಾಮೆರಾ ಎಲ್ಲ ಕಡೆ ಬಂದಿವೆ. ಸಿಬ್ಬಂದಿಯ ಪೊಲೀಸ್ ವೆರಿಫಿಕೇಷನ್ ಆಗಿದೆಯಾ ಅಂತ ಕೇಳಿದರೆ ಇಲ್ಲಿ ಫೈಲ್ ತೆಗೆದು ತೋರಿಸುತ್ತಾರೆ. ಡ್ರೈವರ್, ಆಯಾ, ವಾಚ್‌ಮನ್, ಎಲ್ಲರದ್ದೂ ಇದೆ.

ಈಗ ತೊಂದರೆ ಎಲ್ಲಿ ಶುರುವಾಗುತ್ತದೆ ಅಂದರೆ, ಬಸ್ಸಿನ ಫೀ ವರ್ಷಕ್ಕೆ 18,000. ಅದು ಕೊಡಲಾಗದವರು ಮಕ್ಕಳನ್ನು ಆಟೋದಲ್ಲಿ ಕಳಿಸುತ್ತಾರೆ. ನಮ್ಮ ಶಹರದ ಶಾಲೆ ಆಟೋ ನೀವೂ ನೋಡಿರುತ್ತೀರಿ. ಹಿಂದೆ ಬೆನ್ನಿಗೆ ಬೆನ್ನು ಕೊಟ್ಟು ಮಕ್ಕಳು, ಡ್ರೈವರ್ ಸೀಟಿನ ಎರಡೂ ಕಡೆ ಇಬ್ಬರು, ಹೊರಗೆ ಜೋತಾಡುವ ಬ್ಯಾಗು, ನೀರಿನ ಬಾಟಲಿ. ಶಾಲೆ ಬಿಟ್ಟ ಮೇಲೆ ಮೊದಲು ಬಸ್ಸಿನ ಮಕ್ಕಳನ್ನು ಸಾಲಾಗಿ ಹತ್ತಿಸುತ್ತಾರೆ. ಆಮೇಲೆ ಆಟೋದ ಮಕ್ಕಳನ್ನು ಹೊರಗೆ ಬಿಟ್ಟು ವಾಚ್‌ಮನ್ ಗೇಟ್ ಹಾಕುತ್ತಾನೆ. ಆಟೋ ಇನ್ನೊಂದು ಶಾಲೆಯ ಟ್ರಿಪ್ ಮುಗಿಸಿ ಬರುವುದು ತಡ. ಅಲ್ಲಿಯವರೆಗೆ ಮಕ್ಕಳು ರಸ್ತೆ ಬದಿಯ ಬೇವಿನ ಮರದ ಕೆಳಗೆ. ಮಾರ್ಚ್ ತಿಂಗಳ ಕಲಬುರಗಿ ಬಿಸಿಲು ಗೊತ್ತಲ್ಲ, ಮರದ ಕೆಳಗೂ ನೆಲ ಸುಡುತ್ತದೆ. ಪಕ್ಕದಲ್ಲೇ ಜಲ್ಲಿ ಟಿಪ್ಪರುಗಳು ಹೋಗುವ ರಸ್ತೆ.

ಗೇಟಿನ ಮೇಲೆ ಬೋರ್ಡ್ ಇದೆ. ಖಾಸಗಿ ವಾಹನದಲ್ಲಿ ಬರುವ ಮಕ್ಕಳಿಗೆ ಗೇಟಿನ ಹೊರಗೆ ಶಾಲೆ ಜವಾಬ್ದಾರಿ ಅಲ್ಲ ಅಂತ. ಇದನ್ನು ಪ್ರಿನ್ಸಿಪಾಲರ ಹತ್ತಿರ ಮಾತಾಡಿದೆ. ಅವರ ಮಾತು ಇಷ್ಟು: ಆಟೋದವರನ್ನು ನಾವು ಇಟ್ಟಿಲ್ಲ, ಪೋಷಕರೇ ಗೊತ್ತು ಮಾಡಿಕೊಂಡಿದ್ದಾರೆ, ನಾವು ಹೇಳಿದರೆ ಅವರು ಕೇಳುವುದಿಲ್ಲ. ಒಪ್ಪೋಣ. ಆಟೋದವರು ಎಷ್ಟು ಮಕ್ಕಳನ್ನು ತುಂಬುತ್ತಾರೆ ಅನ್ನುವುದು ಆರ್‌ಟಿಒ, ಟ್ರಾಫಿಕ್ ಪೊಲೀಸರು, ನಾವು ಪೋಷಕರು ನೋಡಬೇಕಾದ್ದು. ಆದರೆ ಆಟೋ ಬರುವವರೆಗೆ ಮಕ್ಕಳನ್ನು ಗೇಟಿನ ಒಳಗೆ ಕೂರಿಸಲು ಏನು ಖರ್ಚು? ಒಳಗೆ ಶೆಡ್ ಇದೆ, ನೀರಿನ ಕೂಲರ್ ಇದೆ. ಆಟೋ ನಂಬರ್, ಡ್ರೈವರ್ ಫೋನ್ ನಂಬರ್ ಒಂದು ರಿಜಿಸ್ಟರಿನಲ್ಲಿ ಬರೆದಿಡಲು ಒಂದು ನೋಟ್‌ಬುಕ್ ಸಾಕು. ನನ್ನ ಮಗನ ಕ್ಲಾಸಿನಲ್ಲೇ ಆಟೋದಲ್ಲಿ ಹೋಗುವ ಹುಡುಗ ಇದ್ದಾನೆ, ಇವನಷ್ಟೇ ಎತ್ತರ. ನನ್ನ ಮಗನನ್ನು ಸ್ವಂತ ಮುತ್ಯಾನ ಕೈಗೂ ಕೊಡದ ಶಾಲೆ ಆ ಹುಡುಗನನ್ನು ಯಾರು ಕರೆದುಕೊಂಡು ಹೋದರು ಅಂತ ನೋಡುವುದೂ ಇಲ್ಲ. ಇಬ್ಬರೂ ಅದೇ ಡೈರಿಯ ಅದೇ ಪುಟಕ್ಕೆ ಸಹಿ ಮಾಡಿಸಿಕೊಂಡು ಬಂದವರು.

ಇದನ್ನು ನೋಡಿದ ಮೇಲೆ ಉಳಿದದ್ದೂ ಕಣ್ಣಿಗೆ ಬೀಳತೊಡಗಿತು. ಎಲ್ಲೆಲ್ಲಿ ದುಡ್ಡು ಕಟ್ಟಿದ್ದೀರೋ ಅಲ್ಲಲ್ಲಿ ಕಾಳಜಿ ಚೆನ್ನಾಗಿದೆ. ಕಟ್ಟಲಿಲ್ಲವೋ, ಮಗುವೂ ಅದೇ ಲೆಕ್ಕಕ್ಕೆ ಬೀಳುತ್ತದೆ.

ಫೀ ವಿಷಯವನ್ನೇ ತೆಗೆದುಕೊಳ್ಳಿ. ಪರೀಕ್ಷೆ ಹತ್ತಿರ ಬಂದಾಗ ಆಫೀಸಿನಿಂದ ಕ್ಲರ್ಕ್ ಒಂದು ಪಟ್ಟಿ ಹಿಡಿದು ಕ್ಲಾಸಿಗೆ ಬರುತ್ತಾರೆ. ಪೆಂಡಿಂಗ್ ಲಿಸ್ಟ್. ಟೀಚರ್ ಪಾಠ ನಿಲ್ಲಿಸಿ ಹೆಸರು ಓದುತ್ತಾರೆ. ಹೆಸರು ಬಂದವರು ಎದ್ದು ನಿಲ್ಲಬೇಕು. ಆಮೇಲೆ ಅವರನ್ನು ಲೈಬ್ರರಿಯಲ್ಲಿ ಕೂರಿಸಿ, ಮನೆಗೆ ಫೋನ್ ಮಾಡಿಸುತ್ತಾರೆ. ಹೋದ ವರ್ಷ ಅಮ್ಮನ ಆಪರೇಷನ್‌ಗೆ ದುಡ್ಡು ಹೋಗಿ ಎರಡನೇ ಕಂತು ತಡವಾಯಿತು. ಮಗಳ ಹೆಸರು ಪಟ್ಟಿಗೆ ಬಂತು. ಲೈಬ್ರರಿಯಿಂದ ನನಗೆ ಫೋನ್ ಬಂತು. "ಅಪ್ಪಾ, ಫೀ ಕಟ್ಟಬೇಕಂತ" ಅಂದಳು, ಅಷ್ಟೇ. ಹಿಂದೆ ಬೇರೆ ಮಕ್ಕಳ ಗದ್ದಲ ಕೇಳುತ್ತಿತ್ತು. ಅವರೂ ಫೋನಿಗೆ ಸಾಲು ನಿಂತವರು.

ಮರುದಿನ ಹೋದೆ. ಫೀ ಕೇಳುವುದು ನಿಮ್ಮ ಹಕ್ಕು, ನನಗೆ ಕೇಳಿ ಅಂದೆ. ಮೆಸೇಜ್ ಕಳಿಸಿ, ಕರೆಸಿ, ಬೇಕಾದರೆ ನೋಟಿಸ್ ಕೊಡಿ. ಮಗುವನ್ನು ಯಾಕೆ ನಿಲ್ಲಿಸುತ್ತೀರಿ? ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನೂ ನಿಷೇಧಿಸಿದೆ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಇದನ್ನು ನಾನು ಫೋನಿನಲ್ಲೇ ಓದಿ ತೋರಿಸಿದೆ. ಪ್ರಿನ್ಸಿಪಾಲರು ಓದಿದರು. ಸರಿ, ಆದರೆ ಆ ಕಾಯ್ದೆ 14 ವರ್ಷದವರೆಗೆ ಅಲ್ವಾ ಅಂದರು. ಬಾಲ ನ್ಯಾಯ ಕಾಯ್ದೆಯಲ್ಲಿ 18ರವರೆಗೂ ಮಗುವೇ ಸರ್, ಮಗುವನ್ನು ನೋಡಿಕೊಳ್ಳುವವರೇ ಹಿಂಸೆ ಕೊಟ್ಟರೆ ಅಲ್ಲಿ 75ನೇ ಸೆಕ್ಷನ್ ಇದೆ ಅಂದೆ. ಅವರು ಕೆಟ್ಟವರಲ್ಲ. ಆಡಳಿತ ಮಂಡಳಿ ಮತ್ತು ಪೋಷಕರ ನಡುವೆ ಸಿಕ್ಕಿಕೊಂಡವರು.

ಆಮೇಲೆ ಬದಲಾವಣೆ ಆಯಿತು, ಅರ್ಧ. ಎಂಟನೇ ಕ್ಲಾಸಿನವರೆಗೆ ಈಗ ಹೆಸರು ಓದುವುದಿಲ್ಲ. ಪೋಷಕರಿಗೆ ವಾಟ್ಸಾಪ್ ಬರುತ್ತದೆ. ಒಂಬತ್ತು, ಹತ್ತರಲ್ಲಿ ಈಗಲೂ ಲೈಬ್ರರಿ. ಹತ್ತನೇ ಕ್ಲಾಸಿನ ಮಕ್ಕಳಿಗಂತೂ ಹಾಲ್ ಟಿಕೆಟ್ ಹೆಸರು ಹೇಳಿ ಹೆದರಿಸುತ್ತಾರೆ.

ಗ್ಯಾದರಿಂಗ್ ಕಥೆ ಇನ್ನೊಂದು. ಡ್ಯಾನ್ಸಿಗೆ ಸೇರಲು ಡ್ರೆಸ್ಸಿನ ದುಡ್ಡು 1,200. ಕೊಟ್ಟವರು ಸ್ಟೇಜ್ ಮೇಲೆ. ಕೊಡದವರು ಕೆಳಗೆ ಕುರ್ಚಿ ಹಾಕಿ ಚಪ್ಪಾಳೆ ತಟ್ಟಬೇಕು. ಮಗಳ ಗೆಳತಿ ಒಬ್ಬಳಿದ್ದಾಳೆ. ಮಗಳ ಕಣ್ಣಲ್ಲಿ ಕ್ಲಾಸಿನಲ್ಲೇ ಚೆನ್ನಾಗಿ ಕುಣಿಯುವವಳು ಅವಳೇ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆಯಡಿ ಫೀ ಇಲ್ಲದ) ಸೀಟಿನಲ್ಲಿ ಒಂದನೇ ಕ್ಲಾಸಿಗೆ ಬಂದವಳು. ತಾಯಿ ಮನೆಯಲ್ಲಿ ಖಡಕ್ ರೊಟ್ಟಿ ಬಡಿದು ಅಂಗಡಿಗಳಿಗೆ ಕೊಡುತ್ತಾರೆ. ಎಂಟು ವರ್ಷದಲ್ಲಿ ಆ ಹುಡುಗಿ ಒಂದು ಸಲವೂ ಸ್ಟೇಜ್ ಹತ್ತಿಲ್ಲ. ಕಾನೂನಿನ ಪ್ರಕಾರ ಆರಂಭದ ಕ್ಲಾಸಿನಲ್ಲಿ ನೂರಕ್ಕೆ 25 ಸೀಟು ಇಂಥ ಮಕ್ಕಳಿಗೆ ಇರಬೇಕು. 2019ರಲ್ಲಿ ನಮ್ಮ ರಾಜ್ಯ ನಿಯಮ ಬದಲಿಸಿತು. ಸುತ್ತಮುತ್ತ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ. ಹಾಗಾಗಿ ನಮ್ಮ ಶಾಲೆಯಲ್ಲಿ ಆರ್‌ಟಿಇ ಮಕ್ಕಳು ಉಳಿದಿರುವುದು ಮಗಳ ಬ್ಯಾಚ್‌ನಲ್ಲಿ ಮಾತ್ರ. ಅವರ ಕೆಳಗಿನ ಕ್ಲಾಸುಗಳಲ್ಲಿ ಒಬ್ಬರೂ ಇಲ್ಲ. ಎಂಟನೇ ಕ್ಲಾಸಿಗೆ ಆ ಸೌಲಭ್ಯ ಮುಗಿಯುತ್ತದೆ. ಒಂಬತ್ತಕ್ಕೆ ಪೂರ್ತಿ ಫೀ. ಸರ್ಕಾರಿ ಹೈಸ್ಕೂಲಿಗೆ ಹಾಕುವುದು ಅಂತ ಆ ತಾಯಿ ಆಗಲೇ ನಿರ್ಧಾರ ಮಾಡಿದ್ದಾರೆ. ಸರ್ಕಾರಿ ಹೈಸ್ಕೂಲ್ ಕಮ್ಮಿ ಅಂತ ನಾನು ಹೇಳುತ್ತಿಲ್ಲ, ನಾನೇ ಅಲ್ಲಿ ಓದಿದವನು. ಹೋಗುವ ಮುಂಚೆ ಒಂದು ಸಲ ಅವಳು ಸ್ಟೇಜ್ ಮೇಲೆ ಕುಣಿಯಲಿ ಅಂತ ಮಗಳು ಹಠ ಹಿಡಿದು ಕ್ಲಾಸ್ ಟೀಚರ್ ಹತ್ತಿರ ಮಾತಾಡಿದ್ದಾಳೆ.

ಡಬ್ಬಿಯಲ್ಲಿ ಮೊಟ್ಟೆ ತರಬಾರದು ಅಂತ ಒಂದು ರೂಲ್ ಇದೆ. ಮೊಟ್ಟೆ ಪಲ್ಯ ತಂದ ಹುಡುಗನನ್ನು ಒಮ್ಮೆ ಹೊರಗೆ ಕೂರಿಸಿ ಊಟ ಮಾಡಿಸಿದ್ದರು. ತಮಾಷೆ ನೋಡಿ, ಇದೇ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಅಪೌಷ್ಟಿಕತೆ ನೋಡಿ ಸರ್ಕಾರವೇ 2021ರ ಡಿಸೆಂಬರಿನಿಂದ ಮೊಟ್ಟೆ ಕೊಡಲು ಶುರು ಮಾಡಿತು. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ, ಆದರೂ ಈ ರೂಲ್ ನನಗೆ ಸರಿ ಕಾಣುವುದಿಲ್ಲ. ಕನ್ನಡದಲ್ಲಿ, ಉರ್ದುವಿನಲ್ಲಿ ಮಾತಾಡಿದರೆ 10 ರೂಪಾಯಿ ದಂಡ ಅಂತ ಮೊದಲು ಇತ್ತು, ಈಗ ನಿಂತಿದೆ. ಟಾಯ್ಲೆಟ್ ಸ್ವಚ್ಛ ಇದೆ, ಹುಡುಗಿಯರ ಕಡೆ ಚಿಲಕಗಳೆಲ್ಲ ಸರಿ ಇವೆ, ಮಗಳನ್ನು ಕೇಳಿಯೇ ಬರೆದಿದ್ದೇನೆ.

ಮಗನ ವಿಷಯಕ್ಕೆ ಬರುತ್ತೇನೆ. ಅವನಿಗೆ ಕಿವಿ ಸ್ವಲ್ಪ ಮಂದ. ಎರಡೂ ಕಿವಿಗೆ ಮಷಿನ್ ಇದೆ. ಅಡ್ಮಿಷನ್ ಹೊತ್ತಿಗೆ ಇದನ್ನು ಮುಚ್ಚಿಡಬೇಡ ಅಂತ ಮನೆಯವಳು ಹೇಳಿದ್ದಳು, ಹೇಳಿದೆ. ಸೀಟು ಕೊಡಲು ಹಿಂದೆಮುಂದೆ ನೋಡಲಿಲ್ಲ. ಬೇರೆ ಒಂದು ಕಡೆ ಇದೇ ಮಾತು ಕೇಳಿ ಸೀಟು ಇಲ್ಲ ಅಂದಿದ್ದರು.

ಒಂದನೇ ಕ್ಲಾಸಿನ ಟೀಚರ್‌ಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಮ್ಮಿ. ಮೊದಲು ಅವರೂ ಬೋರ್ಡ್ ಕಡೆ ತಿರುಗಿ ಬರೆಯುತ್ತಾ ಪಾಠ ಹೇಳುತ್ತಿದ್ದರು. ಮಗನಿಗೆ ಅರ್ಧ ಕೇಳುವುದು ಮಷಿನ್‌ನಿಂದ, ಅರ್ಧ ಅವನು ತುಟಿ ನೋಡಿ ತಿಳಿಯುತ್ತಾನೆ. ಇದನ್ನು ಹೇಳಿದ ಮೇಲೆ ಅವರು ಬರೆಯುವುದು ಮುಗಿಸಿ, ತಿರುಗಿ, ಆಮೇಲೆ ಮಾತಾಡಲು ಶುರು ಮಾಡಿದರು. ಕಿಟಕಿ ಕಡೆ ಬೆನ್ನು ಕೊಟ್ಟು ನಿಂತರೆ ಮುಖ ಕಪ್ಪಾಗಿ ಕಾಣುತ್ತದೆ ಅಂತ ತಾವೇ ಕಂಡುಕೊಂಡು ಜಾಗ ಬದಲಿಸಿದರು. ಪರ್ಸಿನಲ್ಲಿ ಮಷಿನಿನ ಬ್ಯಾಟರಿ ಸ್ಟ್ರಿಪ್ ಇಟ್ಟಿರುತ್ತಿದ್ದರು. ಆಟದ ಪೀರಿಯಡ್‌ನಲ್ಲಿ ಬೆವರು ಇಳಿದು ಮಷಿನ್ ಕೆಡುತ್ತದೆ, ನಮ್ಮೂರ ಬೇಸಿಗೆಯಲ್ಲಿ ಅದು ದೊಡ್ಡ ತಲೆನೋವು. ಅದಕ್ಕೆ ಒಂದು ಸಣ್ಣ ಡಬ್ಬಿ ಮಾಡಿ, ಅವನ ಹೆಸರು ಬರೆದು, ಟೇಬಲ್ ಡ್ರಾಯರಿನಲ್ಲಿ ಇಟ್ಟಿದ್ದರು. ಹುಡುಗರು ಅವನ ಮಷಿನ್ ನೋಡಿ ನಕ್ಕಾಗ ಬೈಯಲಿಲ್ಲ. ಎಲ್ಲರನ್ನೂ ಕರೆದು ಅದು ಹೇಗೆ ಕೆಲಸ ಮಾಡುತ್ತದೆ ಅಂತ ಅವನಿಂದಲೇ ಹೇಳಿಸಿದರು. ಅವತ್ತು ಮನೆಗೆ ಬಂದವನ ಠೀವಿ ನೋಡಬೇಕಿತ್ತು.

ಎರಡನೇ ಕ್ಲಾಸಿಗೆ ಬೇರೆ ಟೀಚರ್. ಅವರಿಗೆ ಇದ್ಯಾವುದೂ ಗೊತ್ತಿಲ್ಲ. ಮಗ ಮೂರನೇ ಬೆಂಚಿಗೆ ಹೋದ. ನಾನು ಮತ್ತೆ ಮೊದಲಿಂದ ಹೇಳಬೇಕಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದೆ, ಕಿವಿ ಮಂದ ಇರುವುದೂ ಅದರಲ್ಲಿದೆ. ಪಾಲಿಸಿಯಲ್ಲಿ ಭೇದ ಮಾಡುವುದಿಲ್ಲ ಅಂತ ಒಂದು ಸಾಲು ಬರೆದರೆ ಸಾಲದು. ಈ ಮಗುವಿಗೆ ಇದು ಬೇಕು ಅಂತ ಒಂದು ಹಾಳೆ ಕ್ಲಾಸಿನಿಂದ ಕ್ಲಾಸಿಗೆ ಹೋಗಬೇಕು. ಈಗ ಅದು ಇಲ್ಲ. ಟೀಚರ್ ಒಳ್ಳೆಯವರು ಸಿಕ್ಕರೆ ಪುಣ್ಯ.

ರ‍್ಯಾಂಪ್ ಇದೆ, ಆದರೆ ಕಡಿದಾಗಿದೆ. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಬೇಕು. ಇಲ್ಲಿ ಎರಡು ಮೆಟ್ಟಿಲಿನ ಎತ್ತರಕ್ಕೆ ನಾಲ್ಕು ಹೆಜ್ಜೆಯಲ್ಲಿ ಮುಗಿಸಿದ್ದಾರೆ. ಗಾಲಿಕುರ್ಚಿ ಅದರಲ್ಲಿ ಹತ್ತುವುದಿಲ್ಲ. ಬರಿ ಇನ್ಸ್‌ಪೆಕ್ಷನ್‌ಗೆ ಕಟ್ಟಿದ್ದು.

ಇದಕ್ಕಿಂತ ಹೆದರಿಕೆ ಆಗಿದ್ದು ಮೆಟ್ಟಿಲು ನೋಡಿ. ಕಟ್ಟಡ ಮೂರು ಅಂತಸ್ತು, ಎರಡು ಕಡೆ ಮೆಟ್ಟಿಲು ಇವೆ. ಪೋಷಕರ ಸಭೆಯ ದಿನ ಹಿಂದಿನ ಮೆಟ್ಟಿಲಿಂದ ಇಳಿಯೋಣ ಅಂತ ಹೋದೆ. ಕೆಳಗೆ ಚಾನೆಲ್ ಗೇಟ್, ಅದಕ್ಕೆ ಬೀಗ. ಬೀಗದ ಕೈ ಎಲ್ಲಿ ಅಂತ ಕೇಳಿದೆ. ಪಿಟಿ ಸರ್ ಹತ್ತಿರ. ಪಿಟಿ ಸರ್ ಎಲ್ಲಿ? ಸ್ಪೋರ್ಟ್ಸ್ ಮೀಟಿಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದಾರೆ. ಹುಡುಗರು ಹಿಂದಿನಿಂದ ಓಡಿಹೋಗುತ್ತಾರೆ, ಅದಕ್ಕೆ ಬೀಗ ಅಂತ ಕಾರಣ ಹೇಳಿದರು. 2004ರಲ್ಲಿ ತಮಿಳುನಾಡಿನ ಕುಂಭಕೋಣಂ ಶಾಲೆಯ ಬೆಂಕಿಯಲ್ಲಿ 94 ಮಕ್ಕಳು ಸತ್ತರು. ಹೊರಗೆ ಬರಲು ದಾರಿ ಕಿರಿದಾಗಿತ್ತು. ಅದಾದ ಮೇಲೆ 2009ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಶಾಲೆಗಳಿಗೂ ಬೆಂಕಿ ಸುರಕ್ಷತೆ ಬಗ್ಗೆ ಆದೇಶ ಕೊಟ್ಟಿತು. ಬಸ್ಸಿನ ಎಮರ್ಜೆನ್ಸಿ ಬಾಗಿಲಿನ ತಂತಿ ಬಿಚ್ಚಿದವರು ಕಟ್ಟಡದ ಬೀಗ ಬಿಚ್ಚಲು ಯಾಕೆ ತಡ ಮಾಡಿದರೋ. ಎರಡು ಸಭೆ ಕಳೆದವು. ಈಗ ಶಾಲೆ ಸಮಯದಲ್ಲಿ ಬೀಗ ಇಲ್ಲ, ಅಲ್ಲಿ ಒಬ್ಬ ಆಯಾ ಸ್ಟೂಲ್ ಹಾಕಿ ಕೂರುತ್ತಾರೆ.

ಕೊನೆಗೆ ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ. ವರ್ಷಕ್ಕೊಮ್ಮೆ ಒಬ್ಬರು ಕೌನ್ಸೆಲರ್ ಬಂದು ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶದ ಬಗ್ಗೆ ಹೇಳಿಕೊಡುತ್ತಾರೆ. ಮಗಳು ಹೇಳಿದ ಪ್ರಕಾರ ಚೆನ್ನಾಗಿ ಹೇಳುತ್ತಾರೆ, ನಾಚಿಕೆ ಆಗದ ಹಾಗೆ. ಆದರೆ ಅದು ಹುಡುಗಿಯರಿಗೆ ಮಾತ್ರ. ಆ ಹೊತ್ತಿಗೆ ಹುಡುಗರನ್ನು ಗ್ರೌಂಡಿಗೆ ಕಳಿಸುತ್ತಾರೆ. ಮಗ ಅವತ್ತು ಖುಷಿಯಾಗಿ ಬಂದ, ಎರಡು ಪೀರಿಯಡ್ ಕ್ರಿಕೆಟ್. ಪೋಕ್ಸೋ ಕಾಯ್ದೆಯಲ್ಲಿ ಹುಡುಗ ಹುಡುಗಿ ಅಂತ ಬೇರೆ ಇಲ್ಲ. 18ರ ಒಳಗಿನ ಎಲ್ಲರೂ ಮಕ್ಕಳೇ. ಕಿವಿ ಸರಿ ಕೇಳದ ಏಳು ವರ್ಷದ ಹುಡುಗನ ಅಪ್ಪ ನಾನು. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಪಾಲಿಸಿಯಲ್ಲಿ ಇನ್ನೊಂದು ಸಾಲಿದೆ. ಇಂಥದ್ದೇನಾದರೂ ಗಮನಕ್ಕೆ ಬಂದರೆ ಸಿಬ್ಬಂದಿ ಮೊದಲು ಆಡಳಿತ ಮಂಡಳಿಗೆ ತಿಳಿಸಬೇಕು, ಮಂಡಳಿ ಒಳಗೆ ವಿಚಾರಣೆ ಮಾಡಿ ಮುಂದಿನ ಕ್ರಮ ತೆಗೆದುಕೊಳ್ಳುತ್ತದೆ. ಓದಲು ಚೆನ್ನಾಗಿದೆ, ಕಾನೂನಿಗೆ ಉಲ್ಟಾ ಇದೆ. ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಮೊದಲು ಮಂಡಳಿಗೆ ಹೇಳು ಅಂದರೆ ಬಡಪಾಯಿ ಟೀಚರ್ ಜೈಲಿಗೆ ಹೋಗುವ ದಾರಿ. ಈ ವರ್ಷದ ಡೈರಿಯಲ್ಲೂ ಆ ಸಾಲು ಹಾಗೇ ಅಚ್ಚಾಗಿದೆ.

ದೂರಿನ ಪೆಟ್ಟಿಗೆ ಇದೆ. ಚಂದದ ಕೆಂಪು ಪೆಟ್ಟಿಗೆ. ಇಟ್ಟಿದ್ದು ಎಲ್ಲಿ ಅಂದರೆ ಪ್ರಿನ್ಸಿಪಾಲರ ಬಾಗಿಲ ಪಕ್ಕ, ಸರಿಯಾಗಿ ಸಿಸಿಟಿವಿಯ ಕೆಳಗೆ. ಅದರಲ್ಲಿ ಚೀಟಿ ಹಾಕುವ ಧೈರ್ಯ ಯಾವ ಮಗುವಿಗೆ ಇದೆ? ಕೀಲಿಯೂ ಪ್ರಿನ್ಸಿಪಾಲರ ಹತ್ತಿರವೇ. ಒಳಗೆ ಏನು ಬರುತ್ತದೆ ಅಂತ ಕೇಳಿದೆ. ಚಾಕಲೇಟ್ ಕಾಗದ ಬರುತ್ತದೆ ಅಂತ ನಕ್ಕರು. ನಾವು ಕೆಲವು ಪೋಷಕರು ಬೆನ್ನು ಹತ್ತಿದ ಮೇಲೆ ಪೆಟ್ಟಿಗೆ ನೀರಿನ ಕೂಲರ್ ಪಕ್ಕ ಹೋಗಿದೆ. ಅಲ್ಲಿ ಎಲ್ಲ ಮಕ್ಕಳೂ ಹೋಗುತ್ತಾರೆ, ಯಾರು ಹಾಕಿದರು ಅಂತ ತಿಳಿಯುವುದಿಲ್ಲ. ಈಗ ಚೀಟಿ ಬರುತ್ತಿವೆಯಂತೆ. ಹೆಚ್ಚಿನವು ಸೀನಿಯರ್ ಹುಡುಗರು ಬಸ್ಸಿನ ಹಿಂದಿನ ಸೀಟಿನಲ್ಲಿ ಕೀಟಲೆ ಮಾಡುವ ಬಗ್ಗೆ.

ಆದರೆ ನನಗೆ ಒಂದು ಸಂಶಯ ಉಳಿದೇ ಇದೆ. ಕ್ಲಾಸಿನ ಮುಂದೆ ಫೀ ಬಾಕಿ ಅಂತ ಎದ್ದು ನಿಂತ ಮಗು, ಗ್ಯಾದರಿಂಗ್‌ನಲ್ಲಿ ಕೆಳಗೆ ಕೂತ ಮಗು, ನಾಳೆ ತನಗೇನಾದರೂ ಆದರೆ ಇದೇ ಟೀಚರ್ ಹತ್ತಿರ ಬಾಯಿ ಬಿಡುತ್ತದಾ? ನಮ್ಮದು ಫೀ ಬಾಕಿ ಇದೆ, ನಾನು ಹೇಳಿದರೆ ಯಾರು ನಂಬುತ್ತಾರೆ ಅಂತ ಅಂದುಕೊಳ್ಳುವುದಿಲ್ಲವಾ? ಪುಟದಲ್ಲಿ ಸುರಕ್ಷತೆ ಮೇಲೆ, ಸಮಾನತೆ ಕೆಳಗೆ ಅಂತ ಎರಡು ಹೆಡ್ಡಿಂಗ್ ಹಾಕಿದ್ದಾರೆ. ಮಗುವಿಗೆ ಅವೆರಡೂ ಒಂದೇ.

ಮಾರ್ಕ್ಸ್ ಕೊಡು ಅಂದರೆ ಐದಕ್ಕೆ ಮೂರು ಕೊಡುತ್ತೇನೆ. ಬಸ್ಸಿನ ಫೀ ಕಟ್ಟುವ ಶಕ್ತಿ ಇದ್ದು, ಕಂತು ಸರಿಯಾಗಿ ಕಟ್ಟುವವರಾದರೆ ಈ ಶಾಲೆ ನಿಮಗೆ ನಾಲ್ಕೂವರೆ ಅನ್ನಿಸಬಹುದು. ಆಟೋದವರಿಗೆ ಎರಡು. ಮಕ್ಕಳನ್ನು ಬಿಡಿಸಿ ಬೇರೆ ಕಡೆ ಹಾಕುತ್ತೀಯಾ ಅಂತ ಅಣ್ಣ ಕೇಳಿದ. ಇಲ್ಲ. ಹೇಳಿದರೆ ಕೇಳುತ್ತಾರೆ, ತಡವಾಗಿ ಆದರೂ ಬದಲಾಯಿಸುತ್ತಾರೆ, ಆ ಒಂದು ಗುಣ ಬೇರೆ ಕಡೆ ಸಿಗುತ್ತದೆ ಅಂತ ಗ್ಯಾರಂಟಿ ಇಲ್ಲ.

ನೀವು ಎಲ್ಲೇ ಅಡ್ಮಿಷನ್ ಮಾಡಿಸಿ, ಶಾಲೆ ಬಿಡುವ ಹೊತ್ತಿಗೆ ಹೋಗಿ ಗೇಟಿನ ಹೊರಗೆ ಅರ್ಧ ತಾಸು ನಿಂತು ನೋಡಿ. ಹಿಂದಿನ ಮೆಟ್ಟಿಲಿಂದ ಇಳಿಯಲು ಪ್ರಯತ್ನ ಮಾಡಿ. ಫೀ ಬಾಕಿ ಆದರೆ ಮಗುವನ್ನು ಏನು ಮಾಡುತ್ತೀರಿ ಅಂತ ಆಫೀಸಿನಲ್ಲಿ ನೇರವಾಗಿ ಕೇಳಿ. ಶಾಲೆಯವರು ನಿಮ್ಮ ಮಾತು ಕೇಳದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಅರ್ಜಿ ಕೊಡಿ, ಅಲ್ಲೂ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದೆ.

ನಮ್ಮ ಶಾಲೆಯ ಮುಂದಿನ ಪೋಷಕರ ಸಭೆಗೆ ನಾಲ್ಕು ವಿಷಯ ಬರೆದು ಕೊಟ್ಟಿದ್ದೇನೆ. ಆಟೋ ಮಕ್ಕಳಿಗೆ ಗೇಟಿನ ಒಳಗೆ ಜಾಗ, ಪೋಕ್ಸೋ ಸಾಲು ತಿದ್ದುವುದು, ಆ ಕ್ಲಾಸಿಗೆ ಹುಡುಗರನ್ನೂ ಕೂರಿಸುವುದು, ಪಾಲಿಸಿ ಪುಟಗಳನ್ನು ಕನ್ನಡ ಮತ್ತು ಉರ್ದುವಿನಲ್ಲಿ ಕೊಡುವುದು. ಉರ್ದುವಿಗೆ ಮಾಡಿಕೊಡಲು ಮಗಳ ಕ್ಲಾಸಿನ ಒಬ್ಬ ತಾಯಿ ಒಪ್ಪಿದ್ದಾರೆ. ಕನ್ನಡದ್ದು ನಾನು ಶುರು ಮಾಡಿದ್ದೇನೆ, ಕಾನೂನು ಗೊತ್ತಿರುವ ಯಾರಾದರೂ ಒಮ್ಮೆ ನೋಡಿಕೊಟ್ಟರೆ ಉಪಕಾರ.